ಕೊನೆ ಗೊತ್ತಿರುವ ಕಾದಂಬರಿ ಯಾಕೆ ಇಷ್ಟು ಕಾಡುತ್ತೆ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ತ.ರಾ.ಸು. ಅವರ 'ದುರ್ಗಾಸ್ತಮಾನ' ಮುಗಿಸಿದೆ. ರಾತ್ರಿ ಒಂದೂವರೆ ಆಗಿತ್ತು, ಮನೆಯಲ್ಲಿ ಎಲ್ಲರೂ ಮಲಗಿದ್ದರು. ಪುಸ್ತಕ ಮುಚ್ಚಿಟ್ಟು ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದವಳಿಗೆ ಕಣ್ಣೀರು ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಇದರಲ್ಲಿ ನನಗೆ ಅರ್ಥವಾಗದ್ದು ಒಂದಿದೆ. ಕೊನೆ ಏನು ಅಂತ ನನಗೆ ಮೊದಲೇ ಗೊತ್ತಿತ್ತು ಅಲ್ವಾ? 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದ, ಮದಕರಿನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕರೆದೊಯ್ದ, ಇದನ್ನು ಶಾಲೆಯಲ್ಲೇ ಓದಿದ್ದೇವೆ. ಪುಸ್ತಕದ ಹೆಸರಲ್ಲೇ ಅಸ್ತಮಾನ ಇದೆ. ಆದರೂ ಕೊನೆಯ ನೂರು ಪುಟ ಓದೋಕೆ ಮನಸ್ಸೇ ಬರಲಿಲ್ಲ. ದಿನಕ್ಕೆ ಹತ್ತು ಪುಟ ಓದಿ ಎತ್ತಿಡುತ್ತಿದ್ದೆ. ಓದದೆ ಬಿಟ್ಟಷ್ಟು ದಿನ ಕೋಟೆ ಉಳಿಯುತ್ತೆ ಅನ್ನೋ ಹಾಗೆ! ಹೈದರ್ ಈ ಸಲವೂ ವಾಪಸ್ ಹೋಗಿಬಿಡಲಿ ಅಂತ ನಿಜವಾಗಿಯೂ ಬೇಡಿಕೊಂಡೆ.

ಅದಕ್ಕೆ ಸ್ವಲ್ಪ ಮುಂಚೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದ್ದೆ. 2013ರದ್ದು, ಚಿಕ್ಕ ಪುಸ್ತಕ, ಒಂದು ಭಾನುವಾರ ಮಧ್ಯಾಹ್ನಕ್ಕೇ ಮುಗಿಯಿತು. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುವವನು, ಮಸಾಲೆ ವ್ಯಾಪಾರದಿಂದ ಮನೆಗೆ ದುಡ್ಡು ತಂದ ಚಿಕ್ಕಪ್ಪ, ಹಳೇ ಮನೆಯ ಇರುವೆಗಳು, ಹೆಂಡತಿ ಅನಿತಾ. ಅಲ್ಲಿ ಯುದ್ಧ ಇಲ್ಲ, ಯಾರೂ ಕತ್ತಿ ಹಿಡಿಯೋದಿಲ್ಲ. ಊಟದ ಮೇಜಿನ ಮಾತಲ್ಲೇ ಮೈ ತಣ್ಣಗಾಗುತ್ತೆ. ಕೊನೆಗೆ ಬಂದಾಗ ಪುಟ ತಿರುಗಿಸಿ ಇನ್ನೂ ಇದೆಯಾ ಅಂತ ನೋಡಿದೆ. ಇರಲಿಲ್ಲ. ಏನಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಆಮೇಲೆ ಮೂರು ದಿನ ನಮ್ಮ ಮನೆಯವರ ಮಾತುಗಳನ್ನೇ ಬೇರೆ ರೀತಿ ಕೇಳಿಸಿಕೊಂಡೆ. ದುಡ್ಡು ತರುವವರು ತಪ್ಪು ಮಾಡಿದಾಗ ನಾವು ಎಲ್ಲೆಲ್ಲಿ ಸುಮ್ಮನಿದ್ದೇವೆ ಅಂತ ಲೆಕ್ಕ ಹಾಕಿದೆ.

ಒಂದರಲ್ಲಿ ಎಲ್ಲ ಗೊತ್ತಿದ್ದೂ ದುಃಖ. ಇನ್ನೊಂದರಲ್ಲಿ ಏನೂ ಖಚಿತವಾಗದೆ ಸಂಕಟ. ಎರಡೂ ಥರದ್ದು ಓದಿದವರಿಗೆ ಹೇಗನ್ನಿಸುತ್ತೆ? ಐತಿಹಾಸಿಕ ಕಾದಂಬರಿ ಓದುವವರು ಇವತ್ತಿನ ಕಷ್ಟದಿಂದ ತಪ್ಪಿಸಿಕೊಳ್ಳೋಕೆ ಓದುತ್ತಾರೆ ಅಂತ ಗೆಳತಿಯೊಬ್ಬಳು ಹೇಳಿದಳು. ಆ ಮಾತು ನನಗೆ ಚುಚ್ಚಿತು. ಮುಂದೆ ಏನು ಓದಲಿ ಅಂತಲೂ ಹೇಳಿ.

---

ಕೋಟೆಬಾಗಿಲು

ನಾನು ದುರ್ಗದವನು, ಹಾಗಾಗಿ ಉತ್ತರಿಸದೆ ಇರೋಕಾಗಲಿಲ್ಲ.

ನಮ್ಮೂರಲ್ಲಿ ಮದಕರಿನಾಯಕನ ಬಗ್ಗೆ ಮಾತಾಡುವುದನ್ನು ನೀವು ಕೇಳಬೇಕು. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ದೊರೆ ಅಂತ ಅನ್ನಿಸೋದೇ ಇಲ್ಲ, ಪಕ್ಕದ ಬೀದಿಯಲ್ಲಿ ಬಾಳಿ ಹೋದ ಹುಡುಗನ ಬಗ್ಗೆ ಮಾತಾಡಿದ ಹಾಗಿರುತ್ತೆ. ಹುಡುಗ ಅಂತ ಬೇಕೆಂದೇ ಬರೆದೆ. 1754ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಚಿಕ್ಕವನು. ನಮ್ಮಜ್ಜಿ ಓಬವ್ವನ ಕಿಂಡಿ ತೋರಿಸಿ, ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಬಂದಿದ್ದಳು, ಅಂತ ಹೇಳುವಾಗ ಆ ಗಂಡನ ತಟ್ಟೆಯಲ್ಲಿ ಅನ್ನ ಆರುತ್ತಿದೆ ಅಂತಲೇ ನನಗನ್ನಿಸುತ್ತಿತ್ತು. ಇಂಥ ಊರಲ್ಲಿ ಬೆಳೆದವನಿಗೆ ಕೊನೆ ಗೊತ್ತಿರೋದು ದೊಡ್ಡ ವಿಷಯವೇ ಅಲ್ಲ. ಹರಿಕಥೆಗೆ ಹೋಗುವವರಿಗೆ ರಾಮ ಕಾಡಿಗೆ ಹೋಗ್ತಾನೆ ಅಂತ ಗೊತ್ತಿಲ್ವಾ? ಆದರೂ ಕೈಕೇಯಿ ವರ ಕೇಳುವಾಗ ಎದೆ ಹೊಡೆದುಕೊಳ್ಳುತ್ತೆ.

ಒಂದು ವಿಷಯ ನೀವು ಗಮನಿಸಿದ್ದೀರೋ ಇಲ್ಲವೋ. ನೀವು ಕೇಳಿರುವ ಎರಡೂ ಥರದ ಕಾದಂಬರಿಯನ್ನು, ಅದೇ ಊರಿನ ಮೇಲೆ, ತ.ರಾ.ಸು. ಒಬ್ಬರೇ ಬರೆದಿದ್ದಾರೆ. 'ನಾಗರಹಾವು' ಓದಿ. ಪುಟ್ಟಣ್ಣ ಕಣಗಾಲರ 1972ರ ಸಿನಿಮಾ ಎಲ್ಲರೂ ನೋಡಿರುತ್ತಾರೆ, ಕಾದಂಬರಿ ಓದಿದವರು ಕಡಿಮೆ. ಸಿನಿಮಾಕ್ಕೆ ಅದರ ಜೊತೆ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನೋ ಇನ್ನೆರಡು ಕಾದಂಬರಿಗಳನ್ನೂ ಸೇರಿಸಿಕೊಂಡಿದ್ದರು. ಒಂದು ಕಡೆ ಅದೇ ಬಂಡೆಗಳ ನಡುವೆ ಪಾಳೆಯಗಾರರ ಸೈನ್ಯ, ಇನ್ನೊಂದು ಕಡೆ ಅದೇ ಊರಲ್ಲಿ ಸಿಟ್ಟಿನ ರಾಮಾಚಾರಿ. ನನ್ನ ಮಟ್ಟಿಗೆ ಎರಡೂ ಒಂದೇ ಊರಿನ ಕಥೆ. ಸೋಲು ಗೊತ್ತಿದ್ದೂ ಬಗ್ಗದವರ ಕಥೆ.

ದುರ್ಗಾಸ್ತಮಾನದಲ್ಲಿ ನನಗೆ ಬೇಸರ ತಂದ ಭಾಗಗಳೂ ಇವೆ, ಮುಚ್ಚಿಡೋದಿಲ್ಲ. ಅಂತಃಪುರದ ಮಾತುಕತೆ ಕೆಲವು ಕಡೆ ತುಂಬ ಎಳೆದ ಹಾಗಾಗಿದೆ. ಎಲ್ಲ ಪಾತ್ರಗಳೂ ಒಂದೇ ಏರಿದ ದನಿಯಲ್ಲಿ ಮಾತಾಡುತ್ತವೆ. ಆದರೆ ಮುತ್ತಿಗೆ ಶುರುವಾದ ಮೇಲೆ ಆ ಏರಿದ ದನಿಯೇ ಬೇಕು ಅನ್ನಿಸುತ್ತೆ. ಇದು ಅವರ ಬಾಳಿನ ಕೊನೆಗಾಲದ ಪುಸ್ತಕ. ಅವರು ಹೋಗಿದ್ದು 1984ರಲ್ಲಿ, ಇದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಆ ಪ್ರಶಸ್ತಿ ಅವರ ಕೈಗೇ ಸಿಗಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ.

ಒಮ್ಮೆ ಬನ್ನಿ ಊರಿಗೆ. ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಬಂಡೆ ಕಾಯುತ್ತೆ. ಏಕನಾಥೇಶ್ವರಿ ಗುಡಿಯ ಹತ್ತಿರ ಸ್ವಲ್ಪ ಹೊತ್ತು ಕೂತಿರಿ.

---

ಕಿತ್ತಳೆ ತೋಟ

ಮುಂದೆ ಏನು ಓದಲಿ ಅಂದಿರಲ್ಲ, ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿ. 1956ರ ಕಾದಂಬರಿ, ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ಎಲ್ಲರೂ ಎತ್ತಿ ಹೇಳಿದ್ದು ಇದನ್ನೇ. ಇದರಲ್ಲೂ ಕೊನೆ ಗೊತ್ತಿರೋದೇ, 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋಗುತ್ತೆ. ಆದರೆ ಮಳೆಹನಿ ಅವರೇ, ಇಲ್ಲಿ ನಿಮಗೆ ಅಳು ಬರೋದಿಲ್ಲ. ಸಿಟ್ಟು ಬರುತ್ತೆ. ನನಗೆ ಬಂತು.

ಯಾಕಂದ್ರೆ ಈ ರಾಜನನ್ನು ಪ್ರೀತಿಸೋಕೆ ಆಗಲ್ಲ. ಕುಡಿತ, ಕ್ರೌರ್ಯ, ಅನುಮಾನ. ಪಕ್ಕದಲ್ಲಿ ಅವನ ಆಪ್ತ ಕುಂಟ ಬಸವ. ಒಳ್ಳೆಯದನ್ನು ಹೇಳುವ ರಾಣಿ ಇದ್ದಾಳೆ, ಮಂತ್ರಿಗಳಿದ್ದಾರೆ, ಯಾರ ಮಾತೂ ಅವನ ಕಿವಿಗೆ ಬೀಳೋದಿಲ್ಲ. ಮಾಸ್ತಿಯವರು ಎಲ್ಲೂ ದನಿ ಏರಿಸೋದಿಲ್ಲ, ಜಗಲಿಯ ಮೇಲೆ ಕೂತು ನಿಧಾನವಾಗಿ ಹೇಳಿದ ಹಾಗೆ ಹೇಳುತ್ತಾ ಹೋಗುತ್ತಾರೆ. ಒಂದು ರಾಜ್ಯ ಹೊರಗಿನವರು ಬರೋದಕ್ಕೆ ಮೊದಲೇ ಒಳಗಿಂದ ಹೇಗೆ ಕಳಚಿಕೊಳ್ಳುತ್ತೆ, ಸಜ್ಜನರೇ ಹೇಗೆ ಒಬ್ಬೊಬ್ಬರಾಗಿ ಕೈ ಬಿಡುತ್ತಾರೆ ಅನ್ನೋದು ಕಾಣುತ್ತೆ. ಕೊನೆ ಗೊತ್ತಿರೋದರಿಂದ ನಾವು 'ಮುಂದೇನು' ಅಂತ ಓದೋದಿಲ್ಲ, 'ಎಲ್ಲಿ ತಪ್ಪಿತು' ಅಂತ ಹುಡುಕುತ್ತಾ ಓದುತ್ತೇವೆ. ಇಲ್ಲಿ ಸರಿಹೋಗಬಹುದಿತ್ತು, ಇಲ್ಲೂ ಸರಿಹೋಗಬಹುದಿತ್ತು ಅಂತ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ನಮ್ಮ ತಾಯಿಯ ತವರು ಕಕ್ಕಬ್ಬೆ ಕಡೆ. ಅಲ್ಲಿ ನಾಲ್ಕುನಾಡು ಅರಮನೆ ಇದೆ, ಸೋಲುವ ಮುಂಚೆ ರಾಜ ಹೋಗಿ ಸೇರಿಕೊಂಡದ್ದು ಅಲ್ಲೇ. ಬೆಟ್ಟದ ಕೆಳಗೆ, ಮರಗಳ ನಡುವೆ, ಅರಮನೆ ಅನ್ನೋದಕ್ಕಿಂತ ದೊಡ್ಡದೊಂದು ಮನೆ ಅನ್ನಿಸುತ್ತೆ. ಚಿಕ್ಕಂದಿನಲ್ಲಿ ಎಷ್ಟೋ ಸಲ ಸುಮ್ನೆ ಹೋಗಿ ಆಡಿ ಬಂದಿದ್ದೆ. ಪುಸ್ತಕ ಓದಿದ ಮೇಲೆ ಹೋದಾಗ ಒಳಗೆ ಕಾಲಿಡೋಕೇ ಹಿಂಜರಿಕೆ ಆಯಿತು.

ಆಮೇಲಿನ ಕಥೆ ಇನ್ನೂ ಸಂಕಟದ್ದು. ಇತಿಹಾಸದ್ದೇ ಹೇಳ್ತೀನಿ. ರಾಜನನ್ನು ಕಾಶಿಯಲ್ಲಿ ಇಟ್ಟರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ಈಸ್ಟ್ ಇಂಡಿಯಾ ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಮೊಕದ್ದಮೆ ಹೂಡಿದ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ (ಗಾಡ್‌ಮದರ್) ಆದಳು. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಹೋದ, ಮಗಳು 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿಗೇ. ರಾಜ ಮತ್ತೆ ಕೊಡಗಿನ ಮಳೆ ನೋಡಲಿಲ್ಲ, ಮಗಳಂತೂ ಒಮ್ಮೆಯೂ ನೋಡಲಿಲ್ಲ. ಅಷ್ಟು ಸಿಟ್ಟಾಗಿದ್ದ ನನಗೆ ಈ ಒಂದು ವಿಷಯಕ್ಕೆ ಅವನ ಮೇಲೆ ಮರುಕ ಬಂತು.

---

ಹಳೇ ಸೇತುವೆ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ದೊರೆ, ಕೋಟೆ, ಮುತ್ತಿಗೆ ಓದಿ ಓದಿ ನನಗೆ ಒಂದು ಹಂತದಲ್ಲಿ ಸಾಕಾಗಿತ್ತು. ಕೋಟೆ ಬಿದ್ದ ಮಾರನೇ ದಿನ ಅಲ್ಲಿ ಮಡಕೆ ಮಾಡುವವನ ಮನೆಯಲ್ಲಿ ಒಲೆ ಹತ್ತಿತಾ? ಇದನ್ನು ಯಾರು ಬರೆಯುತ್ತಾರೆ?

ಹಾಗೆ ಕೇಳಿಕೊಳ್ಳುತ್ತಿದ್ದಾಗ ಸಿಕ್ಕಿದ್ದು ವಸುಧೇಂದ್ರರ 'ತೇಜೋ ತುಂಗಭದ್ರಾ', 2019ರದ್ದು. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ನಮ್ಮ ತುಂಗಭದ್ರೆ. ಅಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ಇಲ್ಲಿ ಕೇಶವ ಮತ್ತು ಹಂಪಮ್ಮ. ರಾಜರು ಇದ್ದಾರೆ, ಆದರೆ ದೂರದಲ್ಲಿ. ಮೇಲೆ ಕೂತವರು ಏನೋ ಒಂದು ತೀರ್ಮಾನ ಮಾಡುತ್ತಾರೆ, ಕೆಳಗಿರುವ ಇವರ ಬದುಕು ಮುರಿದು ಬೀಳುತ್ತೆ. ಪೋರ್ಚುಗಲ್ಲಿನಲ್ಲಿ ಯಹೂದಿಗಳಿಗೆ ಆದ ಹಿಂಸೆ ಕನ್ನಡದಲ್ಲಿ ಓದ್ತೀನಿ ಅಂತ ನಾನು ಅಂದುಕೊಂಡೇ ಇರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅನ್ನೋದು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆ. ಆಮೇಲೆ ಬಂದ ಹಡಗುಗಳಲ್ಲಿ ಒಂದು ಸಾಧಾರಣ ಹುಡುಗನೂ ಇರಬಹುದಿತ್ತು, ಅವನಿಗೆ ಊರಲ್ಲಿ ಒಬ್ಬಳು ಕಾಯುತ್ತಿದ್ದಳು ಅಂತ ಯೋಚನೆಯೇ ಬಂದಿರಲಿಲ್ಲ. ವಿಜಯನಗರದ ವೈಭವ ಅಂತ ಹಾಡಿ ಹೊಗಳೋದನ್ನೇ ಕೇಳಿದವರಿಗೆ ಲೆಂಕರ ಹರಕೆ (ದೊರೆಗಾಗಿ ತಮ್ಮ ಪ್ರಾಣವನ್ನೇ ಕೊಡುವ ಹರಕೆ), ಸತಿ ಹೋಗುವುದು, ಇವೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಇಲ್ಲಿ ಇನ್ನೊಂದು ಇದೆ ನೋಡಿ: ಸಾಮ್ರಾಜ್ಯದ ಕೊನೆ ನಮಗೆ ಗೊತ್ತು, ಹಂಪಮ್ಮನ ಕೊನೆ ಗೊತ್ತಿಲ್ಲ. ನಾನು ಪುಟ ತಿರುಗಿಸಿದ್ದು ಹಂಪಮ್ಮನಿಗಾಗಿ.

ಇದೇ ಕಾರಣಕ್ಕೆ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಕೂಡ ಓದಿ. 1857ರ ದಂಗೆಯ ನಂತರ ಉತ್ತರದಿಂದ ಬಂದು ನವಲಗುಂದದಲ್ಲಿ ನೆಲೆ ನಿಂತ ಒಂದು ಮನೆತನದ ಕಥೆ. ದೊಡ್ಡ ಇತಿಹಾಸ ಅಂಗಳದಾಚೆ ಹಾದುಹೋಗುತ್ತೆ, ಮನೆಯೊಳಗೆ ಬಾಣಂತನ, ಸಾವು, ಹೊಲದ ಜಗಳ. ಆ ಧಾರವಾಡ ಕಡೆಯ ಮಾತಿಗೇ ನಾನು ಎರಡು ಸಲ ಓದಿದೆ.

ನಿಮ್ಮ ಗೆಳತಿ ಹೇಳಿದ್ದನ್ನು ನಾನು ಒಪ್ಪೋದಿಲ್ಲ. ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದಾಗ ಅದು ಅವತ್ತಿನ ಕಥೆ. ಸ್ವಂತಕ್ಕೊಂದು ಗದ್ದೆ ಮಾಡಬೇಕು ಅಂತ ಆಸೆಪಟ್ಟ ಚೋಮ ಅವರ ಕಣ್ಣೆದುರಿಗೇ ಇದ್ದವನು. ಇವತ್ತು ಓದುವ ನನ್ನ ಮಗನಿಗೆ ಅದು ಹಳೇ ಕಾಲದ ಕಥೆ. ಹಾಗಂತ ಅವನು ಇವತ್ತಿನಿಂದ ತಪ್ಪಿಸಿಕೊಂಡನಾ? ಮುಗಿಸಿದ ಮೇಲೆ, ಅಪ್ಪಾ ಈಗಲೂ ಹೀಗೆ ಇದೆಯಾ ಅಂತ ಕೇಳಿದ. ಹೌದು, ಕೆಲವು ಕಡೆ ಇದೆ ಅಂತ ಹೇಳಬೇಕಾಯಿತು. ಅವತ್ತು ರಾತ್ರಿ ಇಬ್ಬರೂ ತುಂಬ ಹೊತ್ತು ಮಾತಾಡಿದೆವು.

---

ಇರುವೆ ಸಾಲು

ಘಾಚರ್ ಘೋಚರ್ ಇಷ್ಟವಾಗಿದ್ದರೆ ಅವರದೇ 'ಸಕೀನಾಳ ಮುತ್ತು' ಬಿಡಬೇಡಿ, 2021ರದ್ದು. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ತಟ್ಟುತ್ತಾರೆ, ಅಷ್ಟೇ ಶುರು. ಅದರಲ್ಲೂ ಎಲ್ಲ ಬಿಚ್ಚಿ ಹೇಳೋದಿಲ್ಲ. ನನಗೆ ಹಾಗೇ ಇದ್ದರೆ ಇಷ್ಟ. ಪಕ್ಕದ ಮನೆಯಲ್ಲಿ ನಿನ್ನೆ ರಾತ್ರಿ ಏನಾಯಿತು ಅಂತ ನಮಗೆ ಪೂರ್ತಿ ಗೊತ್ತಾಗುತ್ತಾ? ಅರ್ಧ ಕೇಳಿಸಿಕೊಂಡು, ಉಳಿದರ್ಧಕ್ಕೆ ಹೆದರಿಕೊಂಡೇ ಅಲ್ವಾ ನಾವು ಇರೋದು.

---

ಮಳೆಹನಿ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಇಷ್ಟು ಪ್ರೀತಿಯಿಂದ ಬರೀತೀರಿ ಅಂದುಕೊಂಡಿರಲಿಲ್ಲ.

ಕಿತ್ತಳೆ ತೋಟ ಅವರು ಹೇಳಿದ 'ಎಲ್ಲಿ ತಪ್ಪಿತು' ಅನ್ನೋ ಮಾತು ಎರಡು ದಿನದಿಂದ ತಲೆಯಲ್ಲಿ ಓಡುತ್ತಿದೆ. ಘಾಚರ್ ಘೋಚರ್ ಮುಗಿಸಿದ ಮೇಲೆ ನಾನು ಮಾಡಿದ್ದೂ ಅದನ್ನೇ. ಹಿಂದಕ್ಕೆ ಹೋಗಿ, ಆ ಮನೆ ಎಲ್ಲಿ ಹದಗೆಟ್ಟಿತು ಅಂತ ಹುಡುಕಿದ್ದೆ. ಒಬ್ಬಳು ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬರ್ತಾಳಲ್ಲ, ಮನೆಯವರೆಲ್ಲ ಸೇರಿ ಅವಳನ್ನು ಓಡಿಸ್ತಾರೆ. ಅಲ್ಲಿ ಬೆರಳಿಟ್ಟು ನಿಂತಿದ್ದೆ.

ಹಳೇ ಸೇತುವೆ ಅವರೇ, ಮಡಕೆ ಮಾಡುವವನ ಒಲೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ದುರ್ಗಾಸ್ತಮಾನದಲ್ಲಿ ನಾಯಕನಿಗಾಗಿ ಅತ್ತೆ, ಅವನ ಜೊತೆ ಸೆರೆಯಾದವರು, ಊರು ಬಿಟ್ಟು ಹೋದವರು ಯಾರು ಅಂತ ಕೇಳಲಿಲ್ಲ. ಈಗ ಮತ್ತೊಮ್ಮೆ ಓದಬೇಕು. ಗೆಳತಿಗೆ ನಿಮ್ಮ ಮಗನ ಪ್ರಶ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚೋಮನ ದುಡಿ ಇದ್ದರೆ ಕೊಡು ಅಂದಳು.

ಇವತ್ತು ಲೈಬ್ರರಿಗೆ ಹೋಗಿದ್ದೆ. ತೇಜೋ ತುಂಗಭದ್ರಾ ಯಾರೋ ತಗೊಂಡು ಹೋಗಿದ್ದಾರೆ, ಹೆಸರು ಬರೆಸಿ ಬಂದೆ. ಚಿಕವೀರ ರಾಜೇಂದ್ರ ಸಿಕ್ಕಿತು, ಹಳೇ ಪ್ರತಿ, ಬೆನ್ನು ಬಿಟ್ಟುಕೊಂಡಿದೆ. ಮನೆಗೆ ಬಂದು ಮೊದಲು ಗೋಂದು ಹಚ್ಚಿ ಮೇಲೆ ನಿಘಂಟು ಹೇರಿಟ್ಟಿದ್ದೀನಿ. ಊಟ ಆಗೋ ಹೊತ್ತಿಗೆ ಒಣಗಿರುತ್ತೆ.