ಹುರಿಯುವುದೋ, ಬಾಡಿಸುವುದೋ? ತಂಬುಳಿ ಮಾಡುವಾಗ ಎದ್ದ ಪ್ರಶ್ನೆಗಳು

ಗೆಳೆಯರೇ,

ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಗೆ ಒಡಿಶಾದ ಕುಟುಂಬವೊಂದು ಬಾಡಿಗೆಗೆ ಬಂದಿದೆ. ಆ ಮನೆಯಾಕೆಗೆ ಕನ್ನಡ ಕಲಿಯುವ ಆಸೆ ಜೋರಾಗಿದೆ. ಅಂಗಡಿ, ಬಸ್ಸಿಗೆ ಬೇಕಾದಷ್ಟು ಮಾತು ಆಗಲೇ ಬಂದಿದೆ, ಈಗ ಅಡುಗೆಮನೆಯ ಮಾತು ಬೇಕಂತೆ. ಪದಗಳ ಪಟ್ಟಿ ಕೊಟ್ಟರೆ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಒಂದೆಲಗದ ತಂಬುಳಿಯನ್ನು ಪಾಠ ಮಾಡಿಕೊಂಡೆ. ಸಾಮಾನು ಕಡಿಮೆ, ಆದರೆ ಒಂದೊಂದು ಕೆಲಸಕ್ಕೂ ಒಂದೊಂದು ಕ್ರಿಯಾಪದ ಇದೆ. ಕೆಲವು ಕಡೆ ಯಾವ ಪದ ಕೊಡಬೇಕು ಅನ್ನುವುದರಲ್ಲಿ ನಿಮ್ಮ ಸಲಹೆ ಬೇಕು.

ಮೊದಲು ಮಾಡುವ ಬಗೆ ಹೇಳುತ್ತೇನೆ. ಒಂದು ಹಿಡಿ ಒಂದೆಲಗವನ್ನು ಮಣ್ಣು ಹೋಗುವಂತೆ ತೊಳೆದು ಹೆಚ್ಚಿಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಅದೇ ಬಾಣಲೆಗೆ ಸೊಪ್ಪು ಹಾಕಿ ಬಾಡಿಸಿ. ಆರಿದ ಮೇಲೆ ಕಾಲು ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಅದನ್ನು ಒಂದು ದೊಡ್ಡ ಲೋಟ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವ ಹಾಗಿಲ್ಲ. ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ.

‘ಅಕ್ಕ, ಹುರಿಯೋದು ಅಂದ್ರೆ ಎಷ್ಟು ಹೊತ್ತು?’ ಅಂತ ಆಕೆ ಕೇಳಿದರು. ಒಳ್ಳೇ ಪ್ರಶ್ನೆ. ಹುರಿಯುವುದಕ್ಕೆ ಗಡಿಯಾರ ನೋಡುವುದಿಲ್ಲ, ಘಮ ಬರಬೇಕು. ಜೀರಿಗೆಯ ಬಣ್ಣ ತುಸು ಗಾಢವಾಗಬೇಕು, ಮೆಣಸು ಅಲ್ಲೊಂದು ಇಲ್ಲೊಂದು ಸಿಡಿಯಬೇಕು. ಸೊಪ್ಪಿನದು ಹಾಗಲ್ಲ. ಬಾಣಲೆಗೆ ಬಿದ್ದ ಕೂಡಲೇ ಚುಂಯ್ ಅನ್ನುತ್ತದೆ, ರಾಶಿಯಾಗಿದ್ದದ್ದು ಒಂದು ಮುದ್ದೆಯಷ್ಟಾಗುತ್ತದೆ. ಹಸಿ ವಾಸನೆ ಹೋಗಿರಬೇಕು, ಆದರೆ ಎಲೆಯಲ್ಲಿ ಇನ್ನೂ ನೀರಿನ ಪಸೆ ಇರಬೇಕು. ಅಲ್ಲಿಗೇ ಒಲೆ ಆರಿಸಬೇಕು. ಅದು ಬಾಡಿಸುವುದು. ಬಿಸಿಲಿಗೆ ಹೂವು ಬಾಡುತ್ತದಲ್ಲ, ಅದೇ ಪದ. ಇನ್ನು ತುಂಬಾ ಎಣ್ಣೆಯಲ್ಲಿ ಮುಳುಗಿಸಿ ತೆಗೆದರೆ ಅದು ಕರಿಯುವುದು, ಹಪ್ಪಳ ಸಂಡಿಗೆಗೆ. ಈ ಮೂರಕ್ಕೂ ‘ಫ್ರೈ ಮಾಡಿ’ ಅಂತ ಕಲಿಸಿದರೆ ಸೊಪ್ಪು ಕರಿಕಲಾಗುತ್ತದೆ. ಈಚಿನ ಅಡುಗೆ ವಿಡಿಯೊಗಳಲ್ಲಿ ಎಲ್ಲದಕ್ಕೂ ಅದೇ ಒಂದು ಮಾತು ಕೇಳಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಆದರೆ ಕೆಲವರು ಸೊಪ್ಪಿಗೂ ‘ಹುರಿ’ ಅಂತಲೇ ಹೇಳುವುದನ್ನು ಕೇಳಿದ್ದೇನೆ. ನಿಮ್ಮಲ್ಲಿ ಹೇಗೆ?

ಎರಡನೆಯದು ರುಬ್ಬು ಮತ್ತು ಬೀಸು. ನಾನು ತಿಳಿದ ಹಾಗೆ ಬೀಸುವ ಕಲ್ಲಿನಲ್ಲಿ ರಾಗಿಯಂಥ ಒಣ ಕಾಳು ಬೀಸುವುದು, ಒರಳಿನಲ್ಲಿ ಗುಂಡು ತಿರುಗಿಸುತ್ತಾ ಹಸಿ ಸಾಮಾನು ರುಬ್ಬುವುದು. ಆದರೆ ಸಾಗರದ ಕಡೆಯ ಹವ್ಯಕರ ಮನೆಗಳಲ್ಲಿ ತಂಬುಳಿಗೂ ‘ಕಾಯಿ ಹಾಕಿ ಬೀಸಿ’ ಅನ್ನುತ್ತಾರೆ. ಮಿಕ್ಸಿ ಬಂದ ಮೇಲೂ ಆ ಮಾತು ಹೋಗಿಲ್ಲ. ಇದರ ಜೊತೆಗೆ ‘ಅರೆ’ ಬೇರೆ ಇದೆ. ಸದ್ಯಕ್ಕೆ ‘ರುಬ್ಬು’ ಕಲಿಸಿ, ‘ಬೀಸು’ ಅಂತಲೂ ಕೇಳಿಸುತ್ತದೆ ಎಂದು ಹೇಳಿದ್ದೇನೆ. ಆಕೆ ಯಾವ ಮನೆಗೆ ಹೋದರೂ ಗಲಿಬಿಲಿ ಆಗಬಾರದು, ಅಲ್ವಾ?

ಮೂರನೆಯದು ಕದಡು. ಗಂಜಿಗೋ ಅಂಬಲಿಗೋ ಹಿಟ್ಟನ್ನು ನೀರಿಗೆ ಕದಡುವುದು ನಮ್ಮಲ್ಲಿ ರೂಢಿ. ಹಾಗಾಗಿ ಇಲ್ಲಿಯೂ ಅದನ್ನೇ ಬಳಸಿದೆ. ಕೆರೆ ನೀರು ಕದಡಿತು ಅಂದಾಗ ಬರುವ ಅರ್ಥ ಅಡ್ಡ ಬರುತ್ತದೆ, ಬೆರೆಸು ಅನ್ನಿ ಅಂತ ನಮ್ಮ ತಂಗಿ ಹೇಳುತ್ತಾಳೆ. ನನಗೆ ‘ಬೆರೆಸು’ ಸಪ್ಪೆ ಅನ್ನಿಸುತ್ತದೆ. ರುಬ್ಬಿದ ಗಟ್ಟಿ ಮುದ್ದೆ ಮಜ್ಜಿಗೆಯಲ್ಲಿ ಕೈಯಾಡಿಸಿದಂತೆಲ್ಲಾ ಬಿಡುತ್ತಾ ಹೋಗುವುದು ಅದರಲ್ಲಿ ಕಾಣುವುದಿಲ್ಲ. ‘ಕಲಸು’ ಅಂತೂ ಆಗದು. ಅದು ಅನ್ನಕ್ಕೆ, ಹಿಟ್ಟಿಗೆ.

ಸಾಮಾನಿನ ಹೆಸರುಗಳಲ್ಲಿ ತೊಡಕು ಜಾಸ್ತಿ ಇಲ್ಲ. ಬರೀ ‘ಮೆಣಸು’ ಅಂದರೆ ಮೆಣಸಿನಕಾಯಿ ಅಂತ ತಿಳಿಯಬಹುದು, ಅದಕ್ಕೆ ಕಾಳುಮೆಣಸು ಅಂತಲೇ ಬರೆದೆ. ಒಂದೆಲಗಕ್ಕೆ ಬ್ರಾಹ್ಮಿ ಅಂತಲೂ ಹೆಸರಿದೆ, ಆದರೆ ಪುಟ್ಟ ಎಲೆಯ ನೀರುಬ್ರಾಹ್ಮಿ ಬೇರೆಯೇ ಗಿಡ. ಸಂತೆಯಲ್ಲಿ ಕೇಳುವಾಗ ಒಂದೆಲಗ ಅನ್ನುವುದೇ ವಾಸಿ.

ತೀರ್ಥಹಳ್ಳಿ, ಹೊಸನಗರ, ಸೊರಬ, ಶೃಂಗೇರಿ, ಕೊಪ್ಪದ ಕಡೆಯವರು ದಯವಿಟ್ಟು ಬರೆಯಿರಿ. ಈ ಮೂರು ಕೆಲಸಕ್ಕೆ ನಿಮ್ಮ ಮನೆಯಲ್ಲಿ ಅಮ್ಮ, ಅಜ್ಜಿ ಯಾವ ಪದ ಹೇಳುತ್ತಾರೆ? ಊರಿನ ಹೆಸರನ್ನೂ ಸೇರಿಸಿ. ಮುಂದಿನ ಪಾಠಕ್ಕೆ ಅಕ್ಕಿರೊಟ್ಟಿ ಇಟ್ಟುಕೊಂಡಿದ್ದೇನೆ. ನಾದು, ತಟ್ಟು, ಮಗುಚು ಇವುಗಳ ಬಗ್ಗೆಯೂ ಹೇಳುವುದಿದ್ದರೆ ಈಗಲೇ ಹೇಳಿ.