ಕಲಬುರಗಿಯಲ್ಲಿ ರೋಲರ್ ಡರ್ಬಿ ಆಡಬೇಕು, ನಾವು ಐದು ಜನ ಇದ್ದೇವೆ. ಎಲ್ಲಿಂದ ಶುರು ಮಾಡೋದು?

ಜೇವರ್ಗಿ_ರೋಡ್

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಮೆಡಿಕಲ್ ಶಾಪ್‌ನಲ್ಲಿ ಕೆಲಸ. ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಬಿಡಲು ಹೋಗಿ ಹೋಗಿ ನನಗೇ ಆಸೆ ಹುಟ್ಟಿತು. ಕೇಳಿದೆ. "ಇದು ಮಕ್ಕಳಿಗೆ ಮೇಡಂ, ನೀವು ಅಲ್ಲಿ ಕುತ್ಕೊಳ್ಳಿ" ಅಂದರು. ಆ ರಾತ್ರಿ ಫೋನಿನಲ್ಲಿ ಹುಡುಕುವಾಗ ರೋಲರ್ ಡರ್ಬಿ ವಿಡಿಯೋ ಸಿಕ್ಕಿತು. ದಪ್ಪ ಇದ್ದವರು, ಕೂದಲು ಬೆಳ್ಳಗಾದವರು, ಎಲ್ಲರೂ ಗಾಲಿ ಮೇಲೆ ನಿಂತು ಭುಜ ಕೊಟ್ಟು ತಳ್ಳುತ್ತಿದ್ದರು. ಮೂರು ದಿನ ಅದನ್ನೇ ನೋಡಿದೆ.

ಈಗ ಐದು ಜನ ಆಗಿದ್ದೇವೆ. ಒಬ್ಬರು 85 ಕೆಜಿ ಇದ್ದಾರೆ, ಅವರಿಗೆ ಅದೇ ಚಿಂತೆ. ಇನ್ನೊಬ್ಬರು ಟೇಲರ್, ಟ್ರಾನ್ಸ್ ಮಹಿಳೆ. "ನನ್ನನ್ನು ಯಾವ ಆಟದಲ್ಲಿ ಸೇರಿಸಿಕೊಳ್ತಾರೆ ಅಕ್ಕ" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಆಟ ಎಲ್ಲಿಂದ ಬಂತು? ನಮ್ಮಂಥವರಿಗೆ ನಿಜವಾಗಿ ಜಾಗ ಇದೆಯಾ? ನಮ್ಮ ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದೆ, ಅಲ್ಲಿ ಆಡಬಹುದಾ?

ರೊಟ್ಟಿ_ಬಡಿಯಾಕಿ

ತಂಗಿ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಕಲಬುರಗಿಯವಳೇ. ಮನೆಯವರ ಕೆಲಸಕ್ಕೆ ಅಂತ ಐದು ವರ್ಷ ಮೆಲ್ಬರ್ನ್‌ನಲ್ಲಿದ್ದೆ. ಅಲ್ಲಿ ಒಂದು ಸಣ್ಣ ಲೀಗಿನಲ್ಲಿ ಆಡಿದೆ. ಡರ್ಬಿಯಲ್ಲಿ ಎಲ್ಲರೂ ಒಂದು ಅಡ್ಡಹೆಸರು ಇಟ್ಟುಕೊಳ್ತಾರೆ. ನನ್ನ ಅಂಗಿ ಬೆನ್ನ ಮೇಲೆ ಕನ್ನಡದಲ್ಲೇ ಬರೆಸಿದ್ದೆ, ಇಲ್ಲಿ ಇಟ್ಟುಕೊಂಡಿರೋದೂ ಅದೇ.

ಮೊದಲು ಹಳೆಯ ಕಥೆ. 1935ರಲ್ಲಿ ಷಿಕಾಗೋದಲ್ಲಿ ಲಿಯೋ ಸೆಲ್ಟ್ಸರ್ ಅನ್ನುವವರು ಶುರು ಮಾಡಿದರು. ಆಗ ಇದು ಬಡಿದಾಟ ಅಲ್ಲ, ದಿನಗಟ್ಟಲೆ ಸುತ್ತು ಹಾಕುವ ಓಟ. ಗಂಡು ಹೆಣ್ಣು ಜೋಡಿಯಾಗಿ ಆಡುತ್ತಿದ್ದರು, ಹೆಂಗಸರಿಗೂ ಅದೇ ನಿಯಮ. ಆ ಕಾಲಕ್ಕೆ ಅದು ದೊಡ್ಡ ಮಾತು. ಜನ ಖುಷಿ ಪಡೋದು ಡಿಕ್ಕಿ ಹೊಡೆದಾಗ ಅಂತ ಗೊತ್ತಾದ ಮೇಲೆ ಡಿಕ್ಕಿಯನ್ನೇ ಆಟ ಮಾಡಿದರು. ಟಿವಿಯಲ್ಲಿ ಜೋರಾಗಿ ನಡೆಯಿತು. 1973ಕ್ಕೆ ಸೆಲ್ಟ್ಸರ್ ಕುಟುಂಬದವರು ಬಾಗಿಲು ಹಾಕಿದರು.

ನನಗೆ ಇಷ್ಟವಾಗೋದು ಆಮೇಲಿನ ಕಥೆ. 2001ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹೆಂಗಸರೇ ಸೇರಿ ಇದಕ್ಕೆ ಮತ್ತೆ ಜೀವ ಕೊಟ್ಟರು. ಲೀಗಿನ ಯಜಮಾನಿಕೆ ಯಾರದ್ದು ಅಂತ ಜಗಳ ಬಂತು. ಬಿದ್ದು ಏಳೋರು ನಾವು, ತೀರ್ಮಾನ ಇನ್ಯಾರೋ ಯಾಕೆ ಮಾಡಬೇಕು ಅಂತ ಹೆಚ್ಚಿನವರು ಹೊರಗೆ ಬಂದರು. 2003ರಲ್ಲಿ ಟೆಕ್ಸಾಸ್ ರೋಲರ್‌ಗರ್ಲ್ಸ್ ಕಟ್ಟಿದರು. ಅವರ ಹತ್ತಿರ ಹಳೇ ಆಟದ ಥರ ಇಳಿಜಾರಿನ ಮರದ ಟ್ರ್ಯಾಕ್ ಇರಲಿಲ್ಲ. ಸಪಾಟು ನೆಲದ ಮೇಲೇ ಗೆರೆ ಎಳೆದು ಆಡಿದರು. ಅದಕ್ಕೇ ಈ ಆಟ ಊರೂರಿಗೆ ಹೋಯಿತು. ಗೋಡೌನ್ ಸಿಕ್ಕರೆ ಸಾಕು, ನೆಲಕ್ಕೆ ಹಗ್ಗ ಹಾಸಿ ಮೇಲೆ ಟೇಪ್ ಅಂಟಿಸಿದರೆ ಟ್ರ್ಯಾಕ್ ರೆಡಿ. 2004ರಿಂದ ಇಂಥ ಲೀಗ್‌ಗಳಿಗೆ ಒಂದು ಒಕ್ಕೂಟ ಇದೆ, ಈಗ ಡಬ್ಲ್ಯುಎಫ್‌ಟಿಡಿಎ ಅಂತಾರೆ. 2016ರಲ್ಲಿ ಅದರ ಚಾಂಪಿಯನ್‌ಷಿಪ್ಪನ್ನು ಮೆಲ್ಬರ್ನ್‌ನ ವಿಕ್ಟೋರಿಯನ್ ರೋಲರ್ ಡರ್ಬಿ ಲೀಗ್ ಗೆದ್ದಿತು. ಅಮೆರಿಕದ ಹೊರಗಿನ ತಂಡ ಗೆದ್ದದ್ದು ಅದೇ ಮೊದಲು. ಆ ರಾತ್ರಿ ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತಿದ್ದೇವೆ.

ಆಟ ಹೀಗೆ. ಟ್ರ್ಯಾಕ್ ಮೇಲೆ ಒಂದೊಂದು ಕಡೆ ಐದು ಜನ. ನಾಲ್ವರು ದಾರಿ ಅಡ್ಡಗಟ್ಟುವ ಬ್ಲಾಕರ್, ಒಬ್ಬಳು ಅಂಕ ಗಳಿಸುವ ಜಾಮರ್. ಅವಳ ಹೆಲ್ಮೆಟ್ ಮೇಲೆ ನಕ್ಷತ್ರ ಇರುತ್ತೆ. ಒಂದು ಸಲ ಗುಂಪು ಸೀಳಿ ಹೋದ ಮೇಲೆ, ಮತ್ತೆ ಬಂದು ಎದುರಾಳಿ ಬ್ಲಾಕರ್‌ಗಳನ್ನು ದಾಟಿದರೆ ಒಬ್ಬೊಬ್ಬರಿಗೆ ಒಂದು ಅಂಕ. ಆಟದ ಒಂದೊಂದು ತುಂಡಿಗೆ ಜಾಮ್ ಅಂತಾರೆ, ಅದು ಹೆಚ್ಚೆಂದರೆ 2 ನಿಮಿಷ. 30 ನಿಮಿಷದ ಎರಡು ಭಾಗ.

ಈಗ 85 ಕೆಜಿ ಅಕ್ಕನ ವಿಷಯ. ನಮ್ಮ ಲೀಗಿನ ಅತಿ ಒಳ್ಳೆಯ ಬ್ಲಾಕರ್ ಅವರಿಗಿಂತ ಭಾರ ಇದ್ದಳು. ನಾನು ಜಾಮರ್ ಆಗಿ ಅವಳ ಮೇಲೆ ಬಿದ್ದಾಗ ಗೋಡೌನ್ ಗೋಡೆಗೇ ಬಿದ್ದ ಹಾಗೆ ಅನಿಸಿತ್ತು. ಅವಳು ಸೊಂಟ ಒಂದು ಗೇಣು ಸರಿಸುತ್ತಿದ್ದಳು, ನನ್ನ ದಾರಿ ಮುಚ್ಚಿ ಹೋಗುತ್ತಿತ್ತು. ಆ ಅಕ್ಕನಿಗೆ ಚಿಂತೆ ಬೇಡ ಅಂತ ಹೇಳಿ.

ನಿಮ್ಮ ಟೇಲರ್ ಗೆಳತಿಗೆ ಇದನ್ನು ತೋರಿಸಿ. ಮೊದಲು ಒಕ್ಕೂಟದಲ್ಲಿ ಟ್ರಾನ್ಸ್ ಮಹಿಳೆಯರಿಗೆ ಹಾರ್ಮೋನ್ ಮಟ್ಟದ ಷರತ್ತು ಇತ್ತು. ಆಟಗಾರರೇ ಅದು ತಪ್ಪು ಅಂತ ಹೋರಾಡಿದರು. 2015ರಲ್ಲಿ ತೆಗೆದರು. ನಮ್ಮ ತಂಡದಲ್ಲಿ ಮೊದಲ ದಿನ ಎಲ್ಲರನ್ನೂ 'ಹಿ' ಅನ್ನಬೇಕಾ 'ಶಿ' ಅನ್ನಬೇಕಾ, ಏನಂತ ಕರೀಬೇಕು ಅಂತ ಕೇಳುತ್ತಿದ್ದರು, ಇಂಗ್ಲಿಷ್‌ನಲ್ಲಿ ಅದಕ್ಕೆ ಭಾಳ ಯೋಚನೆ ಮಾಡಬೇಕು. ನಮ್ಮ ಭಾಷೆಯಲ್ಲಿ "ಅವರು" ಅಂತ ಇದೆಯಲ್ಲ, ಎಷ್ಟು ಚೆಂದ ಅನಿಸಿತ್ತು ನನಗೆ.

ಅಂಗಳದಲ್ಲಿ ಮಾತ್ರ ಬೇಡ. ಶಹಾಬಾದ್ ಕಲ್ಲಿನ ಸಂದಿಗೆ ಗಾಲಿ ಸಿಕ್ಕರೆ ಮುಖ ಕೆಳಗೆ. ಬಿಸಿಲಿಗೆ ಆ ಕಲ್ಲು ಹೆಂಗೆ ಕಾಯುತ್ತೆ ಅಂತ ನಿಮಗೇ ಗೊತ್ತು.

ಬೀದರ್_ಗಾಲಿ

ನಾನು ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ. ಶೂ ಮೇಲೆ ಸಿಕ್ಕಿಸುವ ಅಡ್ಜಸ್ಟೇಬಲ್ ಸ್ಕೇಟ್ ಇದಕ್ಕೆ ಆಗುವುದಿಲ್ಲ, ತಳ್ಳಾಟದಲ್ಲಿ ಕಳಚಿಕೊಳ್ಳುತ್ತೆ. ಬೂಟು ಸೇರಿರುವ ಕ್ವಾಡ್, ಅಂದರೆ ಮುಂದೆ ಎರಡು ಹಿಂದೆ ಎರಡು ಗಾಲಿಯ ಸ್ಕೇಟ್ ತಗೊಳ್ಳಿ. ಹೊರಗಿನ ಒರಟು ಸಿಮೆಂಟಿಗೆ 78ಎ ಥರದ ಮೆತ್ತನೆ ಗಾಲಿ, ಒಳಗಿನ ನಯ ನೆಲಕ್ಕೆ 90ರ ಆಸುಪಾಸು; ಅಂಕಿ ಹೆಚ್ಚಿದಷ್ಟೂ ಗಾಲಿ ಗಟ್ಟಿ. ಹೆಲ್ಮೆಟ್, ಮೊಣಕಾಲು, ಮೊಣಕೈ, ಮಣಿಕಟ್ಟಿನ ಗಾರ್ಡ್, ಬಾಯಿಗೆ ಮೌತ್‌ಗಾರ್ಡ್, ಇವು ಐದೂ ಇಲ್ಲದೆ ಯಾರನ್ನೂ ಬಿಡಬೇಡಿ. ದುಡ್ಡು ಕಮ್ಮಿ ಇದ್ದರೆ ಮೊದಲು ಮೊಣಕಾಲಿನದಕ್ಕೆ ಹಾಕಿ, ಗಾಲಿ ಆಮೇಲೆ.

ಅಂದಹಾಗೆ, ನನ್ನ ಕ್ಲಾಸಿನಲ್ಲೂ ಅಮ್ಮಂದಿರನ್ನು ಕೂರಿಸಿಯೇ ಇಟ್ಟಿದ್ದೇನೆ. ಈ ವಾರ ಕೇಳುತ್ತೇನೆ.

ಗಂಜ್_ಹುಡುಗ

ಅಕ್ಕ, ನೆಹರೂ ಗಂಜ್ ಹತ್ತಿರ ನಮ್ಮ ಅಪ್ಪನ ದಾಲ್ ಮಿಲ್ ಇದೆ. ಹೊಸ ತೊಗರಿ ಬರೋದು ಡಿಸೆಂಬರ್ ನಂತರ. ಅಲ್ಲಿವರೆಗೆ ಹಿಂದಿನ ಗೋಡೌನ್ ಖಾಲಿ. ಸಿಮೆಂಟ್ ನೆಲ, ಮೇಲೆ ತಗಡು. ಉದ್ದ 100 ಅಡಿ, ಅಗಲ 60. ಸಾಕಾಗುತ್ತಾ?

ರೊಟ್ಟಿ_ಬಡಿಯಾಕಿ

ಟ್ರ್ಯಾಕ್ 88 ಅಡಿ ಉದ್ದ, 55 ಅಡಿ ಅಗಲ. ಸುತ್ತ ಇನ್ನೂ 10 ಅಡಿ ಬಿಡಬೇಕು. ಪಂದ್ಯಕ್ಕೆ ಸಾಲದು. ಅಭ್ಯಾಸಕ್ಕೆ ಟ್ರ್ಯಾಕ್ ಸಣ್ಣದು ಮಾಡೋಣ, ಗೋಡೆಯ ಕಡೆ ಹಳೆ ಹಾಸಿಗೆ ನಿಲ್ಲಿಸೋಣ. ಮೊದಲ ತಿಂಗಳು ಬೀಳೋದು ಕಲಿಯೋದೇ ಇರುತ್ತೆ ತಮ್ಮ. ಒಂದು ಮೊಣಕಾಲ ಮೇಲೆ ಬೀಳಬೇಕು, ಮುಷ್ಟಿ ಕಟ್ಟಿಕೊಂಡಿರಬೇಕು. ಬೆರಳು ಬಿಚ್ಚಿದ್ದರೆ ಹಿಂದಿನವರ ಗಾಲಿ ಅದರ ಮೇಲೆ ಹೋಗುತ್ತೆ. ನಿಮ್ಮ ಅಪ್ಪನಿಗೆ ನಮ್ಮ ನಮಸ್ಕಾರ ಹೇಳು.

ಸೂಜಿ_ದಾರ

ಆ ಟೇಲರ್ ನಾನೇ. ಅಕ್ಕ ಹೇಳಿದರು ಅಂತ ಬರೀತಿದ್ದೇನೆ. ಶಾಲೆಯಲ್ಲಿ ಖೋ-ಖೋ ಆಡುತ್ತಿದ್ದೆ, ಎಂಟನೇ ಕ್ಲಾಸಿನಲ್ಲಿ ಹುಡುಗರ ಸಾಲಲ್ಲೂ ಬೇಡ, ಹುಡುಗಿಯರ ಸಾಲಲ್ಲೂ ಬೇಡ ಅಂದರು. ಆಮೇಲೆ ಮೈದಾನಕ್ಕೆ ಹೋಗಿಲ್ಲ. ಒಂದೇ ಪ್ರಶ್ನೆ. ಬಟ್ಟೆ ಎಲ್ಲಿ ಬದಲಾಯಿಸೋದು? ನನಗೆ ಎಲ್ಲೇ ಹೋದರೂ ಅದೇ ಸಂಕಟ.

ಅಂಗಿ ನಾನು ಹೊಲಿದು ಕೊಡುತ್ತೇನೆ. ಬೆನ್ನಿಗೆ ಯಾರ ಹೆಸರು ಏನು ಅಂತ ಹೇಳಿ.

ಗಂಜ್_ಹುಡುಗ

ಗೋಡೌನ್ ಪಕ್ಕ ಮುನೀಮರ ರೂಮ್ ಇದೆ, ಒಳಗಿಂದ ಚಿಲಕ ಇದೆ. ಒಬ್ಬೊಬ್ಬರೇ ಹೋಗಿ ಬರಬಹುದು. ಕಿಟಕಿಗೆ ಪರದೆ ಇಲ್ಲ, ನಾಳೆ ಹಾಕಿಸುತ್ತೇನೆ.

ಜೇವರ್ಗಿ_ರೋಡ್

ಪರದೆ ಹೊಲಿಯೋರೂ ನಮ್ಮಲ್ಲೇ ಇದ್ದಾರೆ, ಅಳತೆ ಹಾಕು ತಮ್ಮ. ನನ್ನ ಬೆನ್ನಿಗೆ "ಶೇಂಗಾ ಹಿಂಡಿ". 85 ಕೆಜಿ ಅಕ್ಕ "ಕೋಟೆ ಬಾಗಿಲು" ಅಂತಿದ್ದಾರೆ. ಭಾನುವಾರ ಬೆಳಿಗ್ಗೆ 6ಕ್ಕೆ ಆಗುತ್ತಾ? ತಗಡು ಕಾಯುವ ಮೊದಲು ಮುಗಿಸಬೇಕು.

ರೊಟ್ಟಿ_ಬಡಿಯಾಕಿ

ಆಗುತ್ತೆ. 5:30ಕ್ಕೇ ಬನ್ನಿ, ಕಸಬರಿಗೆ ಎರಡು ತನ್ನಿ. ತೊಗರಿ ಹೊಟ್ಟು ಬೇರಿಂಗಿಗೆ ಹೊಕ್ಕರೆ ಗಾಲಿ ತಿರುಗೋದಿಲ್ಲ. ಹಗ್ಗ, ಟೇಪು ನಾನು ತರುತ್ತೇನೆ.