ಉಪ್ಪಿನ ಖರ್ಚು ಉಳಿಸೋಕೆ ಸಾಫ್ಟನರಿಗೆ ವಾರಕ್ಕೊಮ್ಮೆ ಉಪ್ಪು ಹಾಕಿದರೆ ಸಾಕು ಅಂತಿದಾರೆ: ಬಾಯ್ಲರಿಗೆ ಏನಾಗುತ್ತೆ ಅಂತ ಲೆಕ್ಕದಲ್ಲಿ ತೋರಿಸೋದು ಹೇಗೆ?

ಉಗಿಮನೆ (ದಾವಣಗೆರೆ):

ಸ್ಟೀಮ್ ಅಕ್ಕಿ ಮಾಡುವ ಮಿಲ್ಲು. ಭತ್ತದ ಹೊಟ್ಟು ಉರಿಸುವ, ತಾಸಿಗೆ 2 ಟನ್ ಉಗಿ ಕೊಡುವ ಸ್ಮೋಕ್‌ಟ್ಯೂಬ್ ಬಾಯ್ಲರ್. ಪರವಾನಗಿ ಒತ್ತಡ ಚದರ ಸೆಂ.ಮೀ.ಗೆ 10.5 ಕೆ.ಜಿ., ಓಡಿಸುವುದು 8ರಲ್ಲಿ. ದಿನಕ್ಕೆ 10 ತಾಸು, ಫೀಡ್ ನೀರು (ಬಾಯ್ಲರಿಗೆ ತುಂಬುವುದು) 20,000 ಲೀಟರ್. ಉಗಿ ನೇರ ಭತ್ತಕ್ಕೇ ಹೋಗುವುದರಿಂದ ಕಂಡೆನ್ಸೇಟ್ (ತಣಿದು ನೀರಾದ ಉಗಿ) ವಾಪಸ್ ಬರುವುದಿಲ್ಲ. ಬೋರಿನ ನೀರಿನ ಗಡಸುತನ (ಸುಣ್ಣದಂಶ) 450 ಪಿಪಿಎಂ, ಟಿಡಿಎಸ್ (ಕರಗಿದ ಒಟ್ಟು ಲವಣ) 800.

ಖರ್ಚು ಇಳಿಸಲು ಆಫೀಸಿನಿಂದ ಬಂದ ಸೂಚನೆಗಳು: ನೀರಿನ ಗಡಸುತನ ತೆಗೆಯುವ ಸಾಫ್ಟನರ್‌ಗೆ ಉಪ್ಪು ವಾರಕ್ಕೆ ಒಂದೇ ಸಲ. ಬ್ಲೋಡೌನ್ (ಬಾಯ್ಲರಿನ ನೀರನ್ನು ಕೆಸರಿನ ಸಮೇತ ಹೊರಬಿಡುವುದು) ದಿನ ಬಿಟ್ಟು ದಿನ. ಸೋರುತ್ತಿರುವ ಸೇಫ್ಟಿ ವಾಲ್ವಿನ ಸ್ಪ್ರಿಂಗ್ ಬಿಗಿ ಮಾಡುವುದು. ಒಡೆದ ಗೇಜ್ ಗ್ಲಾಸಿನ (ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ) ಕಾಕ್ ಮುಚ್ಚಿ ಇನ್ನೊಂದರಲ್ಲೇ ನಡೆಸುವುದು. "ಅಪಾಯ" ಅಂದರೆ "ಇಷ್ಟು ದಿನ ಏನೂ ಆಗಿಲ್ಲವಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತೆ. ರೂಪಾಯಿ, ಕೆ.ಜಿ. ಲೆಕ್ಕದಲ್ಲಿ ಬರೆದುಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಗೇಜ್‌ಗ್ಲಾಸ್:

ಉಪ್ಪಿನಿಂದಲೇ ಶುರು ಮಾಡ್ರಿ. 450 ಪಿಪಿಎಂ ಅಂದರೆ ಲೀಟರಿಗೆ 450 ಮಿಲಿಗ್ರಾಂ. ಅದನ್ನು 20,000 ಲೀಟರಿಗೆ ಗುಣಿಸಿದರೆ ದಿನಕ್ಕೆ 9 ಕೆ.ಜಿ. ಸುಣ್ಣದಕಲ್ಲು. ತಿಂಗಳಿಗೆ 26 ದಿನ ಓಡಿದರೆ 234 ಕೆ.ಜಿ. ನೀರು ಉಗಿಯಾಗಿ ಹೊರಟುಹೋಗುತ್ತೆ, ಕಲ್ಲು ಒಳಗೇ ಉಳಿಯುತ್ತೆ. ಸ್ವಲ್ಪ ಕೆಸರಾಗಿ ಬ್ಲೋಡೌನಿನಲ್ಲಿ ಹೋದೀತು, ಮಿಕ್ಕಿದ್ದು ಟ್ಯೂಬಿನ ಮೈಗೆ ಹಿಡಿಯುತ್ತೆ.

ಸಾಫ್ಟನರಿನಲ್ಲಿ 100 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಮಣಿಗಳು) ಇದೆ ಅಂದುಕೊಳ್ಳಿ. ಲೀಟರಿಗೆ 50 ಗ್ರಾಂ ಹಿಡಿಯುವ ಲೆಕ್ಕದಲ್ಲಿ ಒಂದು ಸುತ್ತಿಗೆ 5 ಕೆ.ಜಿ., ಅಂದರೆ ನಿಮ್ಮ ನೀರು ಸುಮಾರು 11,000 ಲೀಟರ್. ಆಮೇಲೆ ರೀಜನರೇಶನ್ (ಉಪ್ಪುನೀರಿನಿಂದ ರೆಸಿನ್ ಮತ್ತೆ ಸಿದ್ಧ ಮಾಡುವುದು) ಆಗಲೇಬೇಕು, ದಿನಕ್ಕೆ ಎರಡು ಸಲ. ಸಲಕ್ಕೆ 15 ಕೆ.ಜಿ. ಹರಳುಪ್ಪು. ಅಡುಗೆಯ ಪುಡಿ ಉಪ್ಪು ಬೇಡ. 10 ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಬ್ಯಾಕ್‌ವಾಶ್, ಅರ್ಧ ತಾಸು ಉಪ್ಪುನೀರು, ಆಮೇಲೆ ಉಪ್ಪಿನ ರುಚಿ ಹೋಗುವವರೆಗೆ ತೊಳೆತ. ವಾರಕ್ಕೊಮ್ಮೆ ಉಪ್ಪು ಹಾಕಿದರೆ ಮೊದಲ ದಿನ ಮಧ್ಯಾಹ್ನದವರೆಗೆ ಮಾತ್ರ ಮೆದು ನೀರು. ಉಳಿದ ದಿನಗಳಲ್ಲಿ ಆ ಸಾಫ್ಟನರ್ ಬರೀ ಒಂದು ಪೈಪು.

ಉಪ್ಪು ಕೆ.ಜಿ.ಗೆ 10 ರೂಪಾಯಿ ಹಿಡಿದರೆ ದಿನದ ಖರ್ಚು 300. ಈಗ ಹೊಟ್ಟಿನ ಕಡೆ ನೋಡಿ. ನಿಮ್ಮ ಬಾಯ್ಲರ್ ದಿನಕ್ಕೆ ಹತ್ತಿರ ಹತ್ತಿರ 5 ಟನ್ ತಿನ್ನುತ್ತೆ. 1 ಮಿ.ಮೀ. ಪದರ ಕೂತರೆ ಶೇ 2ರಷ್ಟು ಹೆಚ್ಚು ಉರಿಸಬೇಕು ಅಂತ ಕಡಿಮೆ ಕಡೆಗೇ ಹಿಡಿಯಿರಿ, 100 ಕೆ.ಜಿ. ಆಯಿತು. ಕೆ.ಜಿ.ಗೆ 4 ರೂಪಾಯಿಯಂತೆ 400. "ಹೊಟ್ಟು ನಮ್ಮದೇ, ಪುಕ್ಕಟೆ" ಅನ್ನುತ್ತಾರೆ. ಇಟ್ಟಿಗೆ ಭಟ್ಟಿಯವನಿಗೆ ಮಾರುವಾಗ ಅದೇ ಹೊಟ್ಟಿಗೆ ರೇಟು ಹೇಳ್ತಾರಲ್ಲ!

ಹರಿಹರ ಫಿಟ್ಟರ್:

ದುಡ್ಡಿನ ಲೆಕ್ಕ ಸರಿ ಐತಿ. ಆದ್ರೆ ನಾಲ್ಕೂ ಸೂಚನೆ ಬೇರೆ ಬೇರೆ ಅಂತ ನೋಡಬ್ಯಾಡ್ರಿ, ಒಂದಕ್ಕೊಂದು ಕೊಂಡಿ ಐತಿ.

ಸುಣ್ಣ ಬರೀ ಟ್ಯೂಬಿಗೆ ಕೂರಂಗಿಲ್ಲ. ಗೇಜ್ ಗ್ಲಾಸಿನ ಕೆಳಗಿನ ದಾರಿ ಸಣ್ಣದು, ಅದು ಮೊದಲು ಕಟ್ಟುತ್ತೆ. ಕಟ್ಟಿದ ಮೇಲೆ ಗ್ಲಾಸಿನಾಗೆ ನೀರು ನಿಂತಂಗೇ ಕಾಣ್ತದೆ, ಬಾಯ್ಲರಿನಾಗೆ ಇಳೀತಾ ಇರ್ತದೆ. ಎರಡು ಗ್ಲಾಸ್ ಇದ್ರೆ ವ್ಯತ್ಯಾಸ ಕಂಡು ಅನುಮಾನ ಬರ್ತದೆ. ಒಂದೇ ಇದ್ರೆ ಯಾವುದಕ್ಕೆ ಹೋಲಿಸ್ತೀರಿ? ನೀರು ಇಳಿದ್ರೆ ಬೆಂಕಿ ನಿಲ್ಲಿಸೋ ಲೆವೆಲ್ ಕಟ್‌ಆಫಿನ ಫ್ಲೋಟ್ ಚೇಂಬರಿನಾಗೂ ಅದೇ ಕೆಸರು ತುಂಬಿ ಫ್ಲೋಟ್ ಇಳಿಯಂಗಿಲ್ಲ, ಅಲಾರಂ ಕೂಗಂಗಿಲ್ಲ. ಫ್ಯೂಸಿಬಲ್ ಪ್ಲಗ್ (ನೀರು ಇಳಿದ್ರೆ ಕಾವಿಗೆ ಕರಗೋ ಬಿರಡೆ) ಇದ್ರೆ ಅದರ ಮೇಲೂ ಪದರ ಬಂದು, ಕರಗಬೇಕಾದ ಹೊತ್ತಿಗೆ ಕರಗಿದ್ರೂ ಪದರವೇ ತೂತು ಮುಚ್ಚಿಕೊಂಡಿರ್ತದೆ. ಅಂದ್ರೆ 300 ರೂಪಾಯಿ ಉಪ್ಪು ನಿಲ್ಲಿಸಿದ್ರೆ ನೀರು ಕಾಯೋ ಮೂರು ಕಾವಲುಗಾರರನ್ನೂ ಕಳಿಸಿಕೊಟ್ಟಂಗೆ.

ಗ್ಲಾಸ್ ಊದೋದು (ಉಗಿ, ನೀರು ಬಿಟ್ಟು ದಾರಿ ತೊಳೆಯೋದು) ಪಾಳಿಗೆ ಒಂದು ಸಲ, ಹೆಚ್ಚು ಅಂದ್ರೆ ಎರಡು ನಿಮಿಷ. ಡ್ರೈನ್ ತೆಗೀರಿ, ನೀರಿನ ಕಾಕ್ ಮುಚ್ಚಿರಿ: ಬರೀ ಉಗಿ ಜೋರಾಗಿ ಬರಬೇಕು. ನೀರಿನದು ತೆಗೆದು ಉಗಿಯದು ಮುಚ್ಚಿರಿ: ನೀರು ನುಗ್ಗಬೇಕು. ಎರಡೂ ತೆಗೆದು ಡ್ರೈನ್ ಮುಚ್ಚಿದ ಕೂಡಲೇ ನೀರು ಪಟ್ಟನೆ ಏರಬೇಕು. ನಿಧಾನ ತೆವಳಿಕೊಂಡು ಏರಿದ್ರೆ ದಾರಿ ಕಟ್ಟೈತಿ ಅಂತಲೇ ಅರ್ಥ.

ಗ್ಲಾಸ್ ಪೂರ್ತಿ ಖಾಲಿ ಕಂಡ್ರೆ ಫೀಡ್ ಪಂಪು ಹಾಕಬ್ಯಾಡ್ರಿ. ಹೊಟ್ಟು ನಿಲ್ಲಿಸ್ರಿ, ಫ್ಯಾನ್ ನಿಲ್ಲಿಸ್ರಿ, ತಣ್ಣಗಾಗಲಿ. ಕೆಂಪಗೆ ಕಾದ ಉಕ್ಕಿನ ಮೇಲೆ ನೀರು ಬಿದ್ರೆ ಏನಾಗ್ತದೆ ಅಂತ ಹೇಳಬೇಕಾಗಿಲ್ಲ.

ಸೇಫ್ಟಿ ವಾಲ್ವ್ ಸೋರಿದ್ರೆ ಸೀಟಿನಾಗೆ ಕಸ ಸಿಕ್ಕಿರ್ತದೆ. ಒತ್ತಡ ಇರುವಾಗ ಲಿವರ್ ಎತ್ತಿ ಒಂದೆರಡು ಸಲ ಊದಿಸ್ರಿ. ನಿಲ್ಲದಿದ್ರೆ ಬಂದ್ ಮಾಡಿದ ದಿನ ಬಿಚ್ಚಿ ಸೀಟು ಲ್ಯಾಪಿಂಗ್ (ತಿಕ್ಕಿ ನಯ) ಮಾಡಿಸ್ರಿ. ಸ್ಪ್ರಿಂಗ್ ಬಿಗಿ ಮಾಡಿದ್ರೆ ಸೋರಿಕೆ ನಿಂತಂಗೆ ಕಾಣ್ತದೆ, ಎಷ್ಟಕ್ಕೆ ಎತ್ತುತ್ತೆ ಅಂತ ಆಮೇಲೆ ಯಾರಿಗೂ ಗೊತ್ತಿರಂಗಿಲ್ಲ.

ಖಾತೆಕಿರ್ದಿ:

ಆಫೀಸಿನವರ ಪರವಾಗಿಯೂ ಒಂದು ಮಾತು. ಬ್ಲೋಡೌನ್ ವಿಷಯದಲ್ಲಿ ಅವರ ಸಂಕಟ ಸುಳ್ಳಲ್ಲ.

ಸಾಫ್ಟನರ್ ಗಡಸುತನ ತೆಗೆಯುತ್ತೆ, ಟಿಡಿಎಸ್ ಇಳಿಸುವುದಿಲ್ಲ. ಬಾಯ್ಲರ್ ಒಳಗೆ 3,500 ಮೀರಬಾರದು ಅಂದರೆ ಫೀಡಿನ 800 ಭಾಗಿಸು 3,500, ಅಂದರೆ ಫೀಡ್ ನೀರಿನ ಶೇ 23 ಹೊರಗೆ ಬಿಡಬೇಕು. ದಿನಕ್ಕೆ 4,600 ಲೀಟರ್ ಕುದಿನೀರು ಚರಂಡಿಗೆ! ಅದನ್ನು 30 ಡಿಗ್ರಿಯಿಂದ 175ಕ್ಕೆ ಕಾಯಿಸಲು ಸುಮಾರು 330 ಕೆ.ಜಿ. ಹೊಟ್ಟು ಉರಿದಿರುತ್ತೆ. ಲೆಕ್ಕ ಬರೆಯುವವರಿಗೆ ಹೊಟ್ಟೆ ಉರಿಯುವುದು ಸಹಜ.

ಆದರೆ ಬ್ಲೋಡೌನ್ ಬಿಟ್ಟರೆ ಬಾಯ್ಲರ್ ನೀರು ನೊರೆಯೆದ್ದು ಉಗಿಯ ಜೊತೆಗೇ ಹೋಗುತ್ತೆ, ಗ್ಲಾಸಿನಲ್ಲಿ ಮಟ್ಟ ಕುಣಿಯುತ್ತೆ, ಅಕ್ಕಿಗೆ ಬಣ್ಣ ಬರುತ್ತೆ. ಉಳಿಸಬೇಕಾದದ್ದು ನೀರಿನ ಮೂಲದಲ್ಲಿ. ಫೀಡ್ ಟಿಡಿಎಸ್ 300ಕ್ಕೆ ಇಳಿದರೆ ಬ್ಲೋಡೌನ್ ಶೇ 9ಕ್ಕಿಂತ ಕಡಿಮೆ, 1,700 ಲೀಟರ್. ದಿನಕ್ಕೆ 200 ಕೆ.ಜಿ. ಮೇಲೆ ಹೊಟ್ಟು ಉಳೀತು. ಉಪ್ಪಿನ ಖರ್ಚನ್ನು ಇದೇ ಉಳಿತಾಯ ತೂಗಿಸುತ್ತೆ.

ಮಳೆನೀರು ಬೆರೆಸಬಹುದು. 1,000 ಚದರ ಮೀಟರ್ ಗೋದಾಮಿನ ಶೀಟು, ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಶೇ 80 ಹಿಡಿದರೂ 4,80,000 ಲೀಟರ್. ಬೋರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ 48 ದಿನ. ಭದ್ರಾ ನಾಲೆ ಹತ್ತಿರ ಇದ್ದರೆ ಅದೂ ಒಂದು ದಾರಿ, ಆದರೆ ಅನುಮತಿ ಬೇಕು, ನಾಲೆ ವರ್ಷಪೂರ್ತಿ ಹರಿಯುವುದೂ ಇಲ್ಲ.

ಗೇಜ್‌ಗ್ಲಾಸ್:

ಖಾತೆಕಿರ್ದಿಯವರ ಲೆಕ್ಕವನ್ನೇ ಪತ್ರದ ಮೊದಲಿಗೆ ಹಾಕಿ. ಬರೀ "ಬೇಡ" ಅನ್ನುವ ಪತ್ರ ಫೈಲಿಗೆ ಹೋಗುತ್ತೆ, ಉಳಿತಾಯ ತೋರಿಸಿದ ಪತ್ರ ಓದ್ತಾರೆ.

ನಾಲ್ಕನ್ನೂ ಒಂದೇ ಹಾಳೆಯಲ್ಲಿ ಇಡಿ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಎಂಐಸಿ (ಮೀಥೈಲ್ ಐಸೋಸಯನೇಟ್ ಎಂಬ ವಿಷ) ಟ್ಯಾಂಕ್ ತಣ್ಣಗಿಡುವ ರೆಫ್ರಿಜರೇಶನ್ ಘಟಕವನ್ನು 1984ರ ಜೂನ್‌ನಲ್ಲೇ ನಿಲ್ಲಿಸಿದ್ದರು. ಆ ವಿಭಾಗದ ಪಾಳಿಯ ಜನ 12ರಿಂದ 6ಕ್ಕೆ ಇಳಿದಿತ್ತು. ಅನಿಲ ಸುಡುವ ಫ್ಲೇರ್ ಟವರಿಗೆ ಹೋಗುವ ಪೈಪು ರಿಪೇರಿಗೆ ಬಿಚ್ಚಿತ್ತು. ಒಂದೊಂದಕ್ಕೂ ಅದರದೇ ಕಾರಣ ಇತ್ತು. ಡಿಸೆಂಬರ್ 2ರ ರಾತ್ರಿ 610ನೇ ಟ್ಯಾಂಕಿಗೆ ನೀರು ಸೇರಿದಾಗ ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಅನ್ನುವ ಹಾಗೆ ಏನೂ ಉಳಿದಿರಲಿಲ್ಲ.

ನಿಮ್ಮಲ್ಲಿ ವಿಷಾನಿಲ ಇಲ್ಲ, ಆದರೆ 8 ಕೆ.ಜಿ. ಒತ್ತಡದಲ್ಲಿ 175 ಡಿಗ್ರಿಯ ನೀರಿದೆ. ಶೆಲ್ಲಿನಲ್ಲಿ (ಬಾಯ್ಲರಿನ ಹೊರಕವಚ) 4,000 ಲೀಟರ್ ಇದೆ ಅನ್ನಿ. ಶೆಲ್ ಬಿಚ್ಚಿಕೊಂಡರೆ ಏಳರಲ್ಲಿ ಒಂದು ಪಾಲು ಆ ಕ್ಷಣವೇ ಉಗಿ: 500 ಕೆ.ಜಿ., 800 ಘನ ಮೀಟರ್. ಬಾಯ್ಲರ್ ಮನೆಯ ಅಳತೆ ತೆಗೆದು ಪಕ್ಕದಲ್ಲೇ ಬರೆಯಿರಿ.

"ಅಪಾಯ ಆಗಬಹುದು" ಅಂತ ಬರೆಯಬೇಡಿ. ಮಿತಿ ಬರೆಯಿರಿ: ಫೀಡ್ ಗಡಸುತನ 10 ಪಿಪಿಎಂ ಮೀರಿದರೆ, ಎರಡು ಗ್ಲಾಸಿನಲ್ಲಿ ಒಂದು ಕೆಟ್ಟಿದ್ದರೂ ಬಾಯ್ಲರ್ ಹೊತ್ತಿಸುವುದಿಲ್ಲ. ಅಳೆಯುವುದು ಸುಲಭ. 100 ಮಿ.ಲೀ. ನೀರಿಗೆ ಅಮೋನಿಯಾ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿ 0.01 ಮೋಲಾರ್ ಇಡಿಟಿಎ ಹನಿಸಿ. ಕೆಂಪು ನೀಲಿಯಾಗಲು 1 ಮಿ.ಲೀ. ಹಿಡಿದರೆ 10 ಪಿಪಿಎಂ. ಲಾಗ್‌ಬುಕ್ಕಿನಲ್ಲಿ ದಿನಾ ಬರೆದು ಮ್ಯಾನೇಜರ್ ಸಹಿ ಹಾಕಿಸಿ.

ಸೇಫ್ಟಿ ವಾಲ್ವಿನ ಬಗ್ಗೆ ವಾದವೇ ಬೇಡ. 1923ರ ಕಾಯ್ದೆಯ ಜಾಗಕ್ಕೆ ಬಂದ 2025ರ ಬಾಯ್ಲರುಗಳ ಕಾಯ್ದೆಯಲ್ಲೂ ಅದನ್ನು ಕೆಡಿಸುವುದು ಕ್ರಿಮಿನಲ್ ಅಪರಾಧ. ಸ್ಪ್ಯಾನರ್ ಹಿಡಿದವರ ಹೆಸರೇ ಮೊದಲು ಬರುತ್ತೆ, ಆದ್ದರಿಂದ ಬಾಯಿಮಾತಿನ ಆದೇಶಕ್ಕೆ ಕೈ ಹಾಕಬೇಡಿ.

ಉಗಿಮನೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ, ಹಾಳೆ ಸಿದ್ಧ ಮಾಡ್ತೀನಿ. ನಾಲೆ ನೀರು ಬೆರೆಸೋದಾದ್ರೆ ನೇರ ಸಾಫ್ಟನರಿಗೆ ಬಿಡಬಹುದಾ?

ಹರಿಹರ ಫಿಟ್ಟರ್:

ಬ್ಯಾಡ್ರಿ. ಕೆಂಪು ಮಣ್ಣು ರೆಸಿನಿಗೆ ಮೆತ್ತಿಕೊಂಡ್ರೆ ಉಪ್ಪು ಎಷ್ಟು ಹಾಕಿದ್ರೂ ಹಿಡಿಯಂಗಿಲ್ಲ. ಮೊದಲು ಆಲಂ (ಪಟಿಕ) ಹಾಕಿ ಟ್ಯಾಂಕಿನಾಗೆ ತಿಳಿಯಾಗಿಸ್ರಿ, ಆಮೇಲೆ ಸ್ಯಾಂಡ್ ಫಿಲ್ಟರ್, ಅದಾದ ಮೇಲೆ ಸಾಫ್ಟನರ್. ಬೆರೆಸೋದು ಸಾಫ್ಟನರಿಗಿಂತ ಮುಂಚೆ, ನಂತರ ಅಲ್ಲ. ಎರಡನೇ ಗ್ಲಾಸ್ ಮಾತ್ರ ನಾಳೆಗೇ ತರಿಸಿ ಹಾಕ್ರಿ, ಅದಕ್ಕೆ ಪತ್ರ ಬೇಕಾಗಿಲ್ಲ.